ಬೂಸ್ಟ್ ಬಟನ್ ಒತ್ತುವ ಮೊದಲು

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಮನೆಯಲ್ಲೇ ಹಲಸಿನ ಹಪ್ಪಳ, ಬಾಳೆಕಾಯಿ ಸಂಡಿಗೆ, ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಜೋನಿಬೆಲ್ಲ (ದ್ರವರೂಪದ ಬೆಲ್ಲ) ತಯಾರಿಸಿ ಫೋನಿನ ಮೂಲಕ ಮಾರುವ ಹೆಂಗಸರು ಈಗ ಊರೂರಿಗೂ ಸಿಗುತ್ತಾರೆ. ಶಿರಸಿ ಸೀಮೆಯಲ್ಲಿ ನಾನೂ ಇದೇ ಕೆಲಸ ಮಾಡುತ್ತಿರುವುದರಿಂದ, ಹೊಸದಾಗಿ ಶುರು ಮಾಡುವವರು ಆಗಾಗ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ‘ಅಕ್ಕಾ, ಫೇಸ್‌ಬುಕ್ಕಿನಲ್ಲಿ ಜಾಹೀರಾತಿಗೆ ಎಷ್ಟು ದುಡ್ಡು ಹಾಕಬೇಕು?’ ಪ್ರಶ್ನೆ ಸಹಜವಾದದ್ದೇ. ಆದರೆ ಮನೆಯ ತಿನಿಸು ಮಾರುವವರು ಜಾಹೀರಾತಿನಿಂದ ಆರಂಭಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಮ್ಮೆ ಕೊಂಡವರು ಮುಂದಿನ ವರ್ಷವೂ ನಮ್ಮಲ್ಲೇ ಕೊಳ್ಳುವಂತೆ ಮಾಡುವ ದಿನನಿತ್ಯದ ಕೆಲಸಗಳೇ ನಮ್ಮಂಥವರ ಆನ್‌ಲೈನ್ ಮಾರ್ಕೆಟಿಂಗ್; ಅವು ಸರಿಯಾಗಿಲ್ಲದಿದ್ದಾಗ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ಬಟನ್ ಒತ್ತಿದರೆ ಹಣವೂ ಹೋಗುತ್ತದೆ, ಹೆಸರೂ ಕೆಡುತ್ತದೆ.

ಇದಕ್ಕೆ ಕಾರಣ ನಾವು ಮಾರುವ ವಸ್ತುವಿನಲ್ಲೇ ಇದೆ. ಹಲಸಿನ ಹಪ್ಪಳವನ್ನು ಬೇಕೆಂದಾಗ ಮಾಡಲು ಬರುವುದಿಲ್ಲ. ಬಲಿತ ಹಲಸಿನಕಾಯಿಯ ತೊಳೆ ಬಿಡಿಸಿ, ಬೇಯಿಸಿ, ಬಿಸಿ ಇರುವಾಗಲೇ ಅರೆದು, ಉಂಡೆ ಕಟ್ಟಿ, ಒತ್ತಿ, ಬಿಸಿಲಿಗೆ ಹರಡಿ ಒಣಗಿಸುವ ಕೆಲಸವೆಲ್ಲ ಮಳೆ ಹಿಡಿಯುವ ಮೊದಲೇ ಮುಗಿಯಬೇಕು; ಮಧ್ಯಾಹ್ನ ಮೋಡ ಕವಿದರೆ ಅಂದಿನ ಲೆಕ್ಕವೇ ತಪ್ಪುತ್ತದೆ. ಅಪ್ಪೆಮಿಡಿಯ ಕತೆ ಇನ್ನೂ ಸೂಕ್ಷ್ಮವಾದದ್ದು. ಸೊನೆಯ ಪರಿಮಳ ಉಳಿಯಬೇಕಾದರೆ ಮಿಡಿಯನ್ನು ತೊಟ್ಟಿನ ಸಮೇತ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಕೊಯ್ಯಬೇಕು. ಅನಂತರ ಅದು ಉಪ್ಪಿನಲ್ಲಿ ವಾರಗಟ್ಟಲೆ ಕೂತು ಚಿರುಟಬೇಕು. ಕೊಯ್ಯುವ ಕೈಗಳು ಕಡಿಮೆ, ಒಳ್ಳೆಯ ಮರಗಳೂ ಕಡಿಮೆ. ಹೀಗಿರುವಾಗ ಜಾಹೀರಾತಿನಿಂದ ಒಂದೇ ವಾರದಲ್ಲಿ ನೂರಾರು ಜನ ಕೇಳಿಕೊಂಡು ಬಂದರೆ ನಾವು ಕೊಡುವುದಾದರೂ ಏನನ್ನು? ‘ಮುಗಿದಿದೆ’ ಎಂಬ ಉತ್ತರ ಪಡೆದವರು ಮತ್ತೆ ಕೇಳುವುದು ಅಪರೂಪ. ಬೇಡಿಕೆ ತಡೆಯಲಾರದೆ ಪೇಟೆಯಿಂದ ಹಪ್ಪಳ ತರಿಸಿ ತಮ್ಮ ಹೆಸರಿನ ಚೀಟಿ ಅಂಟಿಸುವವರೂ ಇದ್ದಾರೆ. ತಿಂದವರಿಗೆ ಮೊದಲ ತುತ್ತಿನಲ್ಲೇ ಅದು ಗೊತ್ತಾಗುತ್ತದೆ.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ನನ್ನ ಮಟ್ಟಿಗೆ, ಬೆಲೆಯನ್ನು ಬಹಿರಂಗವಾಗಿ ಬರೆಯುವುದು. ‘ಬೆಲೆಗಾಗಿ ಇನ್‌ಬಾಕ್ಸ್ ಮಾಡಿ’ ಎಂಬ ಸಾಲು ನಮ್ಮ ಸಣ್ಣ ವ್ಯಾಪಾರಗಳಿಗೆ ಅಂಟಿದ ಕೆಟ್ಟ ಅಭ್ಯಾಸ. ಇನ್‌ಬಾಕ್ಸಿಗೆ ಬಂದರೆ ಮಾತನಾಡಿ ಒಪ್ಪಿಸಬಹುದು ಎಂಬ ಲೆಕ್ಕ ಮಾರುವವರದು. ಕೊಳ್ಳುವವರ ಕಡೆಯಿಂದ ನೋಡಿದರೆ, ಬೆಲೆ ಕೇಳಿದ ಮೇಲೆ ಬೇಡವೆನ್ನುವುದು ಸಂಕೋಚದ ವಿಷಯ, ವಿಶೇಷವಾಗಿ ಪರಿಚಯದವರ ಬಳಿ. ಆ ಸಂಕೋಚಕ್ಕೆ ಅಂಜಿ ಎಷ್ಟೋ ಜನ ಕೇಳುವ ಗೋಜಿಗೇ ಹೋಗುವುದಿಲ್ಲ. ಜೊತೆಗೆ, ಒಬ್ಬರಿಗೆ ಒಂದು ಬೆಲೆ, ಇನ್ನೊಬ್ಬರಿಗೆ ಇನ್ನೊಂದು ಬೆಲೆ ಎಂಬ ಗುಮಾನಿಯೂ ಹುಟ್ಟುತ್ತದೆ. ಹಪ್ಪಳದ ಕಟ್ಟಿನಲ್ಲಿ ಎಷ್ಟಿವೆ, ಸಾದಾ ಹಪ್ಪಳವೋ ಖಾರದ್ದೋ, ಬಾಟಲಿಯ ಉಪ್ಪಿನಕಾಯಿ ಎಷ್ಟು ಗ್ರಾಂ, ಬೆಂಗಳೂರಿಗೆ ಅಂಚೆ ವೆಚ್ಚ ಎಷ್ಟು, ಹಣ ಕಳಿಸಿದ ಎಷ್ಟು ದಿನದೊಳಗೆ ಪಾರ್ಸೆಲ್ ಹೊರಡುತ್ತದೆ ಎಂಬುದಿಷ್ಟನ್ನೂ ಚಿತ್ರದ ಕೆಳಗೇ ಬರೆದರೆ ಅರ್ಧ ಮಾತುಕತೆ ಅಲ್ಲೇ ಮುಗಿಯುತ್ತದೆ. ಅಂಚೆ ವೆಚ್ಚವನ್ನು ಕೊನೆಯಲ್ಲಿ ಹೇಳುವುದಂತೂ ಆಗಲೇಬಾರದು. ಇನ್ನೂರು ರೂಪಾಯಿಯ ಸಾಮಾನಿಗೆ ಒಪ್ಪಿಕೊಂಡವರಿಗೆ ಮತ್ತೆ ತೊಂಬತ್ತು ಸೇರಿಸಿ ಎಂದರೆ, ಆ ತೊಂಬತ್ತು ನ್ಯಾಯವಾದದ್ದೇ ಆದರೂ ಮೋಸ ಹೋದ ಹಾಗೆ ಅನ್ನಿಸುತ್ತದೆ.

ಈ ಕೆಲಸಕ್ಕೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಸಾಕು. ಆರಂಭದಲ್ಲಿ ಪ್ರತ್ಯೇಕ ವೆಬ್‌ಸೈಟಿನ ಅಗತ್ಯ ನನಗೆ ಕಂಡಿಲ್ಲ. 2018ರಲ್ಲಿ ಬಂದ ಈ ಆ್ಯಪ್ ಉಚಿತವಾದದ್ದು. ಇದರ ಕ್ಯಾಟಲಾಗ್‌ನಲ್ಲಿ ಪ್ರತಿ ತಿನಿಸಿನ ಚಿತ್ರ, ಬೆಲೆ, ವಿವರ ಹಾಕಿಡಬಹುದು. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಬಹುದು. ಹಣ ಬಂದದ್ದು, ಪಾರ್ಸೆಲ್ ಹೋದದ್ದು, ಬಾಕಿ ಇರುವುದು ಎಂದು ಒಂದೊಂದು ಮಾತುಕತೆಗೂ ಲೇಬಲ್ ಹಚ್ಚಬಹುದು. ಕೊನೆಯದು ಚಿಕ್ಕ ಸೌಲಭ್ಯದಂತೆ ಕಂಡರೂ, ಒಲೆಯ ಮುಂದೆ ಕೆಲಸ ಮಾಡುತ್ತ ನಡುನಡುವೆ ಫೋನ್ ನೋಡುವವರಿಗೆ ಬಹಳ ಉಪಕಾರಿ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಕೂತು ಲೇಬಲ್‌ಗಳನ್ನು ನೋಡಿದರೆ ನಾಳೆ ಯಾರಿಗೆ ಏನು ಕಟ್ಟಬೇಕೆಂಬುದು ತಿಳಿದುಬಿಡುತ್ತದೆ.

ಹಳೆಯ ಗಿರಾಕಿಗಳಿಗೆ ಸುದ್ದಿ ಮುಟ್ಟಿಸುವ ವಿಷಯದಲ್ಲಿ ಎರಡು ಮಾತು ಹೇಳಬೇಕು. ಕೊಂಡವರನ್ನೆಲ್ಲ ಕೇಳದೆ ಒಂದು ಗ್ರೂಪಿಗೆ ಸೇರಿಸುವುದು ಸರಿಯಲ್ಲ, ಏಕೆಂದರೆ ಅಲ್ಲಿ ಒಬ್ಬರ ಫೋನ್ ನಂಬರು ಪರಿಚಯವೇ ಇಲ್ಲದ ಎಲ್ಲರಿಗೂ ಕಾಣಿಸುತ್ತದೆ. ನಮ್ಮನ್ನು ನಂಬಿ ಕೊಟ್ಟ ನಂಬರನ್ನು ಊರಿಗೆಲ್ಲ ಹಂಚಿದಂತಾಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಇದಕ್ಕಿಂತ ಒಳ್ಳೆಯ ದಾರಿ. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಪ್ರತಿಯೊಬ್ಬರಿಗೂ ಸಂದೇಶ ಪ್ರತ್ಯೇಕವಾಗಿಯೇ ಹೋಗುತ್ತದೆ. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಯಾರಿಂದಲೂ ಉತ್ತರವಿಲ್ಲವೆಂದು ಬೇಸರಪಡುತ್ತಾರೆ. ಆದ್ದರಿಂದ ಪ್ರತಿ ಪಾರ್ಸೆಲ್‌ನಲ್ಲೂ ‘ಈ ನಂಬರನ್ನು ಉಳಿಸಿಕೊಳ್ಳಿ, ಹೊಸ ಮಿಡಿ ಬಂದಾಗ ತಿಳಿಸುತ್ತೇವೆ’ ಎಂದು ಬರೆದ ಚೀಟಿ ಇಡಬೇಕು. ತಿಳಿಸುವುದೂ ವರ್ಷಕ್ಕೆ ಕೆಲವೇ ಸಲ ಇರಲಿ: ಮಿಡಿ ಉಪ್ಪಿಗೆ ಬಿದ್ದಾಗ, ಹಪ್ಪಳ ಒಣಗಿದಾಗ, ಜೋನಿಬೆಲ್ಲ ಆದಾಗ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುವವರ ಸಂದೇಶವನ್ನು ಜನ ನೋಡದೆ ಅಳಿಸುತ್ತಾರೆ. ನಿಜವಾದ ಸುದ್ದಿಯೂ ಅದರ ಜೊತೆಗೇ ಹೋಗುತ್ತದೆ.

ಚಿತ್ರಗಳ ಬಗ್ಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಬೆಳಗಿನ ಹೊತ್ತು ಜಗಲಿಯ ಬೆಳಕಿನಲ್ಲಿ ತೆಗೆದ ಫೋಟೋ ಯಾವ ಸ್ಟುಡಿಯೋದ್ದಕ್ಕೂ ಕಡಿಮೆಯಿಲ್ಲ. ಆದರೆ ಇತ್ತೀಚೆಗೆ ಎಐನಿಂದ ಮಾಡಿಸಿದ ಹೊಳೆಹೊಳೆಯುವ ಉಪ್ಪಿನಕಾಯಿಯ ಚಿತ್ರಗಳನ್ನು ಹಾಕುವುದು ಶುರುವಾಗಿದೆ. ಇದು ನನಗೆ ನಿಜಕ್ಕೂ ನೋವು ತರುತ್ತದೆ. ಕೈಯಿಂದ ಒತ್ತಿದ ಹಪ್ಪಳದ ಅಂಚು ಸಮವಾಗಿರುವುದಿಲ್ಲ, ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಕಾರ್ಖಾನೆಯದಲ್ಲವೆಂದು ತೋರಿಸುವ ಗುರುತು ಅದೇ. ಆ ಗುರುತನ್ನು ನಾವೇ ಅಳಿಸಿಬಿಟ್ಟರೆ ಜನ ನಮ್ಮಲ್ಲಿಗೆ ಬರಲು ಕಾರಣವೇ ಉಳಿಯುವುದಿಲ್ಲ.

ಪ್ಯಾಕಿಂಗ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ದೂರದ ಗಿರಾಕಿಗೆ ನಮ್ಮ ಮುಖ ಕಾಣುವುದಿಲ್ಲ, ಪೊಟ್ಟಣ ಮಾತ್ರ ಕಾಣುತ್ತದೆ. ಉಪ್ಪಿನಕಾಯಿಯ ರಸ ಸೋರಿ ರಟ್ಟಿನ ಪೆಟ್ಟಿಗೆ ನೆನೆದು ಬಂದರೆ ಒಳಗಿನ ರುಚಿ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಬಾಟಲಿಯನ್ನು ಕುತ್ತಿಗೆಯವರೆಗೆ ತುಂಬದೆ ಸ್ವಲ್ಪ ಜಾಗ ಬಿಟ್ಟು, ಮುಚ್ಚಳದ ಕೆಳಗೆ ಸೀಲ್ ಹಾಕಿ, ಬಾಟಲಿಯನ್ನು ಇನ್ನೊಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಗಿದು, ತಲೆಕೆಳಗಾಗಿ ಒಂದು ರಾತ್ರಿ ಇಟ್ಟು ನೋಡಿ ಆಮೇಲೆ ಪೆಟ್ಟಿಗೆಗೆ ಹಾಕುವುದು ಒಳ್ಳೆಯದು. ಹಪ್ಪಳದ ಕಟ್ಟಿಗೆ ಮೇಲೆ ಕೆಳಗೆ ಗಟ್ಟಿ ರಟ್ಟು ಬೇಕು, ಪೆಟ್ಟಿಗೆಯಲ್ಲಿ ಅಲ್ಲಾಡಲು ಎಡೆ ಇರಬಾರದು. ಪಾರ್ಸೆಲ್ ಹೊರಟ ದಿನವೇ ಟ್ರ್ಯಾಕಿಂಗ್ ನಂಬರು ಕಳಿಸಿದರೆ ‘ಎಲ್ಲಿಗೆ ಬಂತು’ ಎಂಬ ಪ್ರಶ್ನೆ ಬರುವುದೇ ಇಲ್ಲ. ಒಡೆದು ಹೋದದ್ದಕ್ಕೆ ವಾದ ಮಾಡದೆ ಬದಲಿ ಕಳಿಸಬೇಕು. ಅದರ ವೆಚ್ಚವನ್ನು ಬೆಲೆ ಇಡುವಾಗಲೇ ಲೆಕ್ಕಕ್ಕೆ ಹಿಡಿದಿರಬೇಕು.

ಪೊಟ್ಟಣದ ಮೇಲಿನ ಚೀಟಿಯೂ ಅಷ್ಟೇ ಮುಖ್ಯ. ಮನೆಯಲ್ಲಿ ಮಾಡಿದ ತಿನಿಸಿಗೆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ನಂಬಿದವರು ಬಹಳ ಜನರಿದ್ದಾರೆ, ಅದು ತಪ್ಪು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮನೆಯಿಂದ ಮಾರುವವರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು ಮತ್ತು ಅದರ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಬಳಸಿದ ಪದಾರ್ಥಗಳು, ತೂಕ, ತಯಾರಿಸಿದ ದಿನ, ಎಷ್ಟು ಕಾಲದೊಳಗೆ ಬಳಸಬೇಕು, ಎಂಆರ್‌ಪಿ, ವಿಳಾಸ, ಸಸ್ಯಾಹಾರದ ಹಸಿರು ಗುರುತು ಇವೆಲ್ಲವೂ ಇರಬೇಕು. ಇದನ್ನು ಬರೀ ಕಾನೂನಿನ ಕಾಟವೆಂದು ನೋಡಬೇಡಿ. ಬೆಂಗಳೂರಿನ ಒಂದು ಮನೆಯಲ್ಲಿ ಊಟಕ್ಕೆ ಬಂದವರು ಮಿಡಿ ಉಪ್ಪಿನಕಾಯಿ ಚಪ್ಪರಿಸಿ, ‘ಇದು ಎಲ್ಲಿಯದು?’ ಎಂದು ಕೇಳಿದಾಗ ಮನೆಯವರು ಬಾಟಲಿಯನ್ನೇ ತಂದು ತೋರಿಸುತ್ತಾರೆ. ಅದರ ಮೇಲೆ ಹೆಸರೂ ಫೋನ್ ನಂಬರೂ ನೀಟಾಗಿದ್ದರೆ ಅವರು ಅಲ್ಲೇ ಫೋಟೋ ತೆಗೆದುಕೊಳ್ಳುತ್ತಾರೆ. ನನಗೆ ಬರುವ ಹೊಸ ಗಿರಾಕಿಗಳಲ್ಲಿ ಹೆಚ್ಚಿನವರ ಮೊದಲ ಸಂದೇಶ ಅಂಥ ಒಂದು ಬಾಟಲಿಯ ಫೋಟೋ.

ಗೂಗಲ್ ಮ್ಯಾಪ್‌ನಲ್ಲಿ ಹೆಸರು ಸೇರಿಸುವುದೂ ಉಚಿತ. ಅಂಗಡಿಯಿದ್ದವರು, ಮನೆಗೆ ಬಂದು ಕೊಳ್ಳುವವರಿದ್ದವರು ಅದನ್ನು ಖಂಡಿತ ಮಾಡಬೇಕು, ತೆರೆದಿರುವ ಸಮಯವನ್ನು ಸರಿಯಾಗಿ ಬರೆಯಬೇಕು. ರಿಯಾಯಿತಿ ಕೊಟ್ಟು ಐದು ನಕ್ಷತ್ರ ಬರೆಸಿಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ನೆಂಟರಿಷ್ಟರಿಂದ ಬರೆಸಿದ ಹೊಗಳಿಕೆಯನ್ನು ಓದುವವರು ಸುಲಭವಾಗಿ ಗುರುತಿಸುತ್ತಾರೆ ಕೂಡ. ಯಾರಾದರೂ ‘ಉಪ್ಪು ಜಾಸ್ತಿಯಾಗಿದೆ’ ಎಂದು ಬರೆದರೆ, ಮಿಡಿ ಉಪ್ಪಿನಕಾಯಿಗೆ ಅಷ್ಟು ಉಪ್ಪು ಏಕೆ ಬೇಕು, ಬೇಡವೆನ್ನುವವರಿಗೆ ಏನು ಮಾಡಬಹುದು ಎಂದು ಸಮಾಧಾನದಿಂದ ಉತ್ತರ ಬರೆದರೆ ಸಾಕು. ಆ ಉತ್ತರವನ್ನು ಮುಂದೆ ಕೊಳ್ಳಲಿರುವವರೂ ಓದುತ್ತಾರೆ.

ನಂಬರು ಎಲ್ಲರಿಗೂ ಸಿಗುವಂತಾದಾಗ ಮೋಸಗಾರರಿಗೂ ಸಿಗುತ್ತದೆ. ಸೇನೆಯಿಂದ ಮಾತನಾಡುತ್ತಿದ್ದೇನೆ, ಕ್ಯಾಂಪಿಗೆ ಇಪ್ಪತ್ತು ಕೆಜಿ ಉಪ್ಪಿನಕಾಯಿ ಬೇಕು ಎಂದು ಹಿಂದಿಯಲ್ಲಿ ಹೇಳಿ, ಗುರುತಿನ ಚೀಟಿಯ ಫೋಟೋ ಕಳಿಸಿ, ಕೊನೆಗೆ ಹಣ ಬರಬೇಕಾದರೆ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ಕರೆ ನಮ್ಮ ಕಡೆಯ ಹಲವರಿಗೆ ಬಂದಿದೆ. ಬೆಲೆಯ ಬಗ್ಗೆ ಒಂದು ಮಾತೂ ಚೌಕಾಸಿ ಮಾಡದೆ ಒಪ್ಪಿಕೊಳ್ಳುವುದೇ ಅವರ ಲಕ್ಷಣ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಹಣ ಪಾವತಿಯಾದ ಸ್ಕ್ರೀನ್‌ಶಾಟನ್ನು ನಂಬದೆ ಬ್ಯಾಂಕ್ ಖಾತೆಯನ್ನೇ ನೋಡಿ ಪಾರ್ಸೆಲ್ ಕಟ್ಟಬೇಕು. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಹಿಂದಿರುಗುವ ಸಾಧ್ಯತೆ ಕಡಿಮೆಯಾಗುತ್ತದೆ.

ಇನ್ನು ಲೆಕ್ಕಪತ್ರ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡದ್ದು ಎಲ್ಲರಿಗೂ ನೆನಪಿರಬಹುದು. ಆ ಗದ್ದಲದಿಂದ ನಾವು ತಿಳಿಯಬೇಕಾದದ್ದು ನಗದಿಗೆ ಮರಳಬೇಕೆಂದಲ್ಲ. ದೂರದವರಿಗೆ ಮಾರುವ ನಮಗೆ ಅದು ಸಾಧ್ಯವೂ ಇಲ್ಲ. ಸೀರೆಗೆಂದು ಮಗ ಕಳಿಸಿದ ದುಡ್ಡು, ಸಂಘದ ಕಂತು, ಹಪ್ಪಳದ ಹಣ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರದ್ದು ಎಂದು ನಾವೇ ತೋರಿಸಲಾರೆವು. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ, ಅದಕ್ಕೊಂದು ಪ್ರತ್ಯೇಕ ಕ್ಯೂಆರ್ ಕೋಡ್, ದಿನದಿನದ ಮಾರಾಟ ಬರೆಯುವ ಪುಸ್ತಕ ಇಷ್ಟಿದ್ದರೆ ಯಾವ ಪತ್ರ ಬಂದರೂ ಉತ್ತರವಿರುತ್ತದೆ. ನಮ್ಮ ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿಯವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಎಂಬುದು ಬಹಳ ಜನರಿಗೆ ಗೊತ್ತು. ಆದರೆ ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ ಆ ಮಿತಿ ಅನ್ವಯಿಸುವುದಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ಹೀಗಾಗಿ ಪುಣೆಯ ಗಿರಾಕಿಗೆ ಹಪ್ಪಳ ಕಳಿಸುವುದೂ ಉಪ್ಪಿನಕಾಯಿ ಕಳಿಸುವುದೂ ಕಾನೂನಿನ ಕಣ್ಣಿನಲ್ಲಿ ಒಂದೇ ಅಲ್ಲ. ಹೊರ ರಾಜ್ಯದ ಗಿರಾಕಿಗಳನ್ನು ಹುಡುಕುವ ಮೊದಲು ತೆರಿಗೆ ಸಲಹೆಗಾರರ ಬಳಿ ಒಮ್ಮೆ ಕೂತು ಮಾತನಾಡಿ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಗೆ ಸರ್ಕಾರ ಯಾವ ಶುಲ್ಕವನ್ನೂ ಪಡೆಯುವುದಿಲ್ಲ; ಅದಕ್ಕಾಗಿ ಸಾವಿರಾರು ರೂಪಾಯಿ ಕೇಳುವ ಖಾಸಗಿ ವೆಬ್‌ಸೈಟುಗಳಿಂದ ದೂರವಿರಿ.

ಇಷ್ಟಾದ ಮೇಲೆ ಜಾಹೀರಾತಿಗೂ ಒಂದು ಜಾಗವಿದೆ. ಮಳೆಗಾಲ ಹಿಡಿದ ಮೇಲೆ ಭರಣಿಯಲ್ಲಿ ಮಿಡಿ ಇನ್ನೂ ಉಳಿದಿದೆ, ಹಳೆಯ ಗಿರಾಕಿಗಳ ಆರ್ಡರ್ ಮುಗಿದಿದೆ ಎಂದಾಗ ಬೂಸ್ಟ್ ಮಾಡಿ ನೋಡಬಹುದು. ಅಂದು ಇಡೀ ಭಾರತವನ್ನು ಆರಿಸದೆ, ಈಗಾಗಲೇ ನಮ್ಮ ಪಾರ್ಸೆಲ್ ಹೆಚ್ಚು ಹೋಗುತ್ತಿರುವ ಒಂದೆರಡು ಊರುಗಳನ್ನು ಮಾತ್ರ ಆರಿಸಿ, ಲೈಕುಗಳಿಗಾಗಿ ಅಲ್ಲದೆ ಸಂದೇಶ ಬರುವಂತೆ ಜಾಹೀರಾತಿನ ಉದ್ದೇಶವನ್ನು ನಿಗದಿ ಮಾಡಿ, ಕೈಯಲ್ಲಿರುವ ಬಾಟಲಿಗಳ ಲೆಕ್ಕ ನೋಡಿಕೊಂಡು ಕೆಲವೇ ದಿನ ಓಡಿಸಿ. ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ‘ನಮ್ಮ ವಿಷಯ ಹೇಗೆ ತಿಳಿಯಿತು?’ ಎಂದು ಕೇಳಿ, ಉತ್ತರವನ್ನು ಮಾರಾಟದ ಪುಸ್ತಕದಲ್ಲೇ ಅವರ ಹೆಸರಿನ ಎದುರು ಬರೆದಿಡಿ. ಮುಂದಿನ ಸಲ ಬೂಸ್ಟ್ ಮಾಡಬೇಕೋ, ಅದೇ ಹಣದಲ್ಲಿ ಇನ್ನಷ್ಟು ಗಟ್ಟಿ ಪೆಟ್ಟಿಗೆ ತರಿಸಬೇಕೋ ಎಂದು ತೀರ್ಮಾನಿಸುವಾಗ ಆ ಪುಟವನ್ನು ತೆರೆದು ನೋಡಿ.