ನೀರಿನ ಕಾಲಂ ಎಲ್ಲಿದೆ ಸರ್?

ನಿನ್ನೆ ರಾಯಚೂರಿನಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಕೃಷಿ ಉದ್ಯಮದಲ್ಲಿ ಲಾಭ ಮತ್ತು ನೈತಿಕತೆ ಅಂತ ವಿಷಯ. ಬೆಳಿಗ್ಗೆ ಲಾಭ, ಊಟ ಆದ ಮೇಲೆ ನೈತಿಕತೆ. ನೈತಿಕತೆ ಶುರುವಾಗುವ ಹೊತ್ತಿಗೆ ಅರ್ಧ ಹಾಲ್ ಖಾಲಿ, ಉಳಿದರ್ಧ ತೂಕಡಿಸುತ್ತಿತ್ತು.

ಬೆಳಿಗ್ಗೆ ಪರದೆ ಮೇಲೆ ಒಂದು ಎಕರೆ ಭತ್ತದ ಲೆಕ್ಕ ಬಂತು. ಬೀಜ, ಗೊಬ್ಬರ, ಎಣ್ಣೆ (ಕೀಟನಾಶಕ), ನಾಟಿ ಕೂಲಿ, ಕಟಾವು ಮಷೀನ್ ಬಾಡಿಗೆ, ಎಲ್ಲಾ ಇತ್ತು. ನೀರಿನ ಮುಂದೆ ಮಾತ್ರ ಒಂದು ಗೀಟು. ಕೃಷಿ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಸರ್, ನೀರಿನ ಖರ್ಚು?" ಉತ್ತರ ಏನು ಗೊತ್ತಾ? "ಅದು ಮಧ್ಯಾಹ್ನದ ವಿಷಯ ಅಮ್ಮಾ." ಮಧ್ಯಾಹ್ನ ಬಂದಿದ್ದು ಪ್ರವಚನ. ರೈತ ಪ್ರಾಮಾಣಿಕನಾಗಿರಬೇಕಂತೆ, ಭೂತಾಯಿಯನ್ನು ಪ್ರೀತಿಸಬೇಕಂತೆ. ನೀರು ಅಲ್ಲಿಗೂ ಬರಲಿಲ್ಲ. ಕಾಲುವೆ ಕೊನೆಯವರಾದ ನಮಗೆ ಇದು ಹೊಸದೇನಲ್ಲ ಬಿಡಿ.

ನನ್ನ ಸಿಟ್ಟು ಇಷ್ಟೇ. ನ್ಯಾಯ ಅನ್ನೋದು ಲೆಕ್ಕ ಮುಗಿದ ಮೇಲೆ ಮಾಡುವ ಭಾಷಣ ಅಲ್ಲ. ಲೆಕ್ಕದಲ್ಲಿ ಏನು ಬರೆಯುತ್ತೀರಿ, ಏನು ಬಿಡುತ್ತೀರಿ ಅನ್ನೋದರಲ್ಲೇ ಅದು ಇರೋದು.

ತುಂಗಭದ್ರಾ ಎಡದಂಡೆ ಕಾಲುವೆ ಮಾಡಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಭತ್ತಕ್ಕೆ ಅಂತ ಗುರುತಿಸಿದ್ದು ಸ್ವಲ್ಪ ಜಮೀನು. ಈಗ ಕಾಲುವೆಯ ಮೇಲಿನ ಕಡೆ, ಗಂಗಾವತಿಯಿಂದ ಸಿಂಧನೂರಿನ ತನಕ ಬಸ್ಸಿನ ಕಿಟಕಿಯಿಂದ ನೋಡಿ, ಎಲ್ಲಿ ನೋಡಿದರೂ ಭತ್ತ. ಕೆಸರುಗದ್ದೆಗೆ 1,200 ಮಿಲಿಮೀಟರ್ ಆಸುಪಾಸು ನೀರು ಬೇಕು. ಜೋಳಕ್ಕೆ ಅದರ ಅರ್ಧ ಸಾಕು. ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಹತ್ತಿರ ಬಂದಿದೆ. ಆ ಕೊರತೆ ಯಾರ ತಲೆ ಮೇಲೆ ಬೀಳುತ್ತೆ? ಕಾಲುವೆ ಕೊನೆಯ ಮಾನ್ವಿ, ಸಿರವಾರ, ರಾಯಚೂರು ಕಡೆಯವರ ಮೇಲೆ. ಕಾಲುವೆಯ ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ಬರಲಿಲ್ಲ ಅಂತ ಧರಣಿ ಕೂರೋದು, ಬೆಳೆ ಒಣಗಿದರೆ ಬೆಂಗಳೂರಿಗೆ ಗುಳೆ ಹೋಗೋದು, ಇದು ಯಾರ ಖರ್ಚಿನ ಪಟ್ಟಿಯಲ್ಲಿದೆ?

ಸಾಮಾನ್ಯ ಭತ್ತದ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ ಇತ್ತು. ಅದಕ್ಕೆ ಹಿಡಿದ ಖರ್ಚು 1,579. ಕೈಯಿಂದ ಕೊಟ್ಟ ಹಣ, ಜೊತೆಗೆ ಮನೆಯವರ ದುಡಿಮೆ. ಇದರಲ್ಲಿ ನೀರಾವರಿ ಅಂದರೆ ಕಟ್ಟಿದ ಕರ, ಪಂಪಿನ ಡೀಸೆಲ್-ಕರೆಂಟು ಅಷ್ಟೇ. ಕಾಲುವೆ ಕೆಳಗಿನವನ ನಷ್ಟ ಇಲ್ಲ. ಸ್ವಂತ ಜಮೀನಿಗೆ ಬಾಡಿಗೆ ಹಿಡಿಯೋದೂ ಇಲ್ಲ, ಅದು ಬರೋದು ಸಿ2 ಅನ್ನೋ ಇನ್ನೊಂದು ಲೆಕ್ಕದಲ್ಲಿ.

ತಮಾಷೆ ಏನಂದ್ರೆ, ನೀರಿಗೆ ಬೆಲೆ ಇಲ್ಲ ಅನ್ನೋ ಜನವೇ ಜಮೀನು ಲೀಸಿಗೆ ಕೊಡುವಾಗ ಬಲು ಚುರುಕು. ನೀರು ಹರಿಯುವ ಎಕರೆಗೆ ಬಾಡಿಗೆ ಇಷ್ಟು ಚೀಲ ಭತ್ತ, ಒಣ ಹೊಲಕ್ಕೆ ಅದರಲ್ಲಿ ಸಣ್ಣ ಪಾಲು. ಮಣ್ಣು ಅದೇ ಎರೆ ಮಣ್ಣು. ನಡುವಿನ ವ್ಯತ್ಯಾಸ ನೀರಿನ ಬೆಲೆ ಅಲ್ಲದೆ ಮತ್ತೇನು? ಸರ್ಕಾರದ ನೀರು, ದುಡ್ಡು ಹೊಲದ ಮಾಲೀಕನಿಗೆ!

"ಮೇಲಿನವರೂ ಸಾಲದಲ್ಲಿದ್ದಾರೆ, ಹತ್ತಿಗೆ ಗುಲಾಬಿ ಕಾಯಿಕೊರಕ, ಭತ್ತ ಆದರೆ ಮಿಲ್ಲಿನವರು ಕೊಳ್ಳುತ್ತಾರೆ" ಅಂತ ನೀವು ಹೇಳಬಹುದು. ನಿಜ. ಲೀಸಿಗೆ ಮಾಡುವವನು ಚೀಲ ಅಳೆಯಲೇಬೇಕು, ಅವನಿಗೆ ಬೇರೆ ದಾರಿ ಇಲ್ಲ. ಆದರೆ ಕಷ್ಟ ಇದೆ ಅಂತ ಲೆಕ್ಕದಿಂದ ನೀರನ್ನು ಅಳಿಸೋಕೆ ಆಗಲ್ಲ. ಕೆಳಗಿನವನಿಗೇನು ಸಾಲ ಇಲ್ವಾ?

ಇನ್ನೊಂದು ಹೇಳಿಬಿಡುತ್ತೇನೆ. ನಮ್ಮಕ್ಕನನ್ನು ಕೊಟ್ಟಿರೋದು ಕಾಲುವೆಯ ಮೇಲಿನ ಕಾರಟಗಿ ಕಡೆಗೆ. ಪ್ರತಿ ವರ್ಷ ಅಲ್ಲಿಂದ ಸೋನಾ ಮಸೂರಿ ಬರುತ್ತೆ, ಬೇಡ ಅಂದವನಲ್ಲ ನಾನು. ಮಾಮ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರೂ ಭತ್ತವನ್ನೇ ಹಾಕುತ್ತಾರೆ, ಯಾಕೆಂದರೆ ಅವರಿಗೆ ತೋರಿಸಿದ ಲೆಕ್ಕದಲ್ಲಿ ನೀರಿನ ಮುಂದೆ ಗೀಟು ಇದೆ. ಪ್ರಾಮಾಣಿಕನಾಗಿರು ಅಂತ ಅವರಿಗೆ ಪ್ರವಚನ ಕೊಟ್ಟರೆ ಏನು ಬದಲಾಗುತ್ತೆ?

ಮುಂದಿನ ತರಬೇತಿ ಮಾಡುವವರಿಗೆ ನನ್ನದೊಂದು ಸಲಹೆ. ಎಸಿ ಹಾಲ್ ಬಿಡಿ. ಹುಡುಗರನ್ನು ಮೊದಲು ಕಾರಟಗಿಗೆ, ಆಮೇಲೆ ಸಿರವಾರಕ್ಕೆ ಕರೆದುಕೊಂಡು ಹೋಗಿ. ಎರಡೂ ಕಡೆ ಎಕರೆ ಲೀಸ್ ಎಷ್ಟು ಅಂತ ಅವರೇ ಕೇಳಲಿ. ಕಳೆದು ಬಂದ ಮೊತ್ತವನ್ನು ಆ ಗೀಟಿನ ಜಾಗದಲ್ಲಿ ಬರೆಯಲಿ. ಊಟಕ್ಕೆ ಮೊದಲೇ.