ದಯವಿಟ್ಟು ಉಸಿರು ಬಿಗಿಹಿಡಿದು ನೋಡಿ

1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಮಹಾತಾಯಿ ಗಂಡನಿಗೆ ಮುಂಚಿತವಾಗಿ ಒಂದು ಮಾತನ್ನೂ ಹೇಳದೆ, ಅವನು ಕಟ್ಟಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಏರಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರುಮನೆಗೆ ಹೊರಟೇಬಿಟ್ಟಳು. ನೂರು ಕಿಲೊಮೀಟರಿಗೂ ಹೆಚ್ಚಿನ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೂರಿಸಿ ಬಿಡಿಸಿದಳು. ತಂತಿ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಬಿಚ್ಚಿ ಸುತ್ತಿದಳು. ಬ್ರೇಕಿನ ಮರದ ತುಂಡು ತೇದುಹೋದಾಗ ಬೂಟು ಹೊಲಿಯುವವನನ್ನು ಹಿಡಿದು ಚರ್ಮದ ಪಟ್ಟಿ ಹೊಡೆಸಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಗೆ ಹೋಗಿ ಲಿಗ್ರಾಯಿನ್ ಎಂಬ ದ್ರಾವಕವನ್ನು ಕೊಂಡು ಸುರಿದಳು. ಹೀಗೆ ಕಾರಿನ ಚರಿತ್ರೆಯ ಮೊದಲ ದೂರಪ್ರಯಾಣ ಅಪ್ಪಟ ಸಂಸಾರದ ಪ್ರಯಾಣವಾಗಿತ್ತು. ತಾಯಿ, ಮಕ್ಕಳು, ತವರು, ದಾರಿಯಲ್ಲಿ ರಿಪೇರಿ: ಏನೂ ಕೊರತೆ ಇರಲಿಲ್ಲ.

ಅದೇ ಮಹಾತಾಯಿ ಇಂದು ಅದೇ ಪಿನ್ನು ಹಿಡಿದು ಯಾವುದಾದರೂ ಹಳೆಯ ಕಾರುಗಳ ಪ್ರದರ್ಶನಕ್ಕೆ ಬಂದಳೆನ್ನಿ. ಹಗ್ಗ ದಾಟುವ ಮೊದಲೇ ಆಕೆಯನ್ನು ಹೊರಗೆ ಕಳುಹಿಸುತ್ತಾರೆ.

ನಾವೂ ಸಂಸಾರ ಸಮೇತ ಅಂಥದೊಂದು ಪ್ರದರ್ಶನಕ್ಕೆ ಹೋದೆವು. ನಾನು, ಹೆಂಡತಿ, ಎಲ್ಲವನ್ನೂ ಪ್ರಶ್ನಿಸುವ ವಯಸ್ಸಿನ ಮಗಳು, ಎಲ್ಲವನ್ನೂ ಮುಟ್ಟುವ ವಯಸ್ಸಿನ ಮಗ, ಮತ್ತು ಇಂಥ ಕಾರುಗಳು ಹೊಸದಾಗಿದ್ದಾಗ ಅವುಗಳ ಅಡಿಯಲ್ಲಿ ಮಲಗಿ ಗ್ರೀಸು ಹಚ್ಚಿದ ನಮ್ಮ ಅಪ್ಪ. ನಮ್ಮನ್ನೆಲ್ಲ ಅಲ್ಲಿಯವರೆಗೆ ಹೊತ್ತು ತಂದ, ತುಟಿಪಿಟಕ್ಕೆನ್ನದೆ ವರ್ಷಗಟ್ಟಲೆ ದುಡಿಯುತ್ತಿರುವ ನಮ್ಮ ಸ್ವಂತ ಕಾರನ್ನು ಮೈದಾನದ ಹತ್ತಿರವೂ ಸುಳಿಯಗೊಡಲಿಲ್ಲ. ದೂರದ ಬಯಲಿನಲ್ಲಿ, ಧೂಳಿನಲ್ಲಿ, ಅದರಂಥ ನೂರಾರು ಪಾಪಿಗಳ ನಡುವೆ ನಿಲ್ಲಿಸಿ ಬನ್ನಿ ಎಂದರು. ಓಡುವ ಕಾರುಗಳಿಗೆ ಒಳಗೆ ಪ್ರವೇಶವಿಲ್ಲ. ಒಳಗಿರುವುದು ಗೌರವಾನ್ವಿತರಿಗೆ ಮಾತ್ರ.

ಗೌರವಾನ್ವಿತರು ಬರುವ ಪರಿಯನ್ನು ನೋಡಬೇಕು. ಪಲ್ಲಕ್ಕಿಯಲ್ಲಿ ಬರುವ ಉತ್ಸವಮೂರ್ತಿಯ ಹಾಗೆ ಅವರು ಟ್ರೇಲರ್ ಮೇಲೆ ಬರುತ್ತಾರೆ. ಮೈತುಂಬ ಹೊದಿಕೆ, ಚಕ್ರಕ್ಕೆ ಪಟ್ಟಿ, ಹಿಂದೆ ಮುಂದೆ ಜನ. ಇಪ್ಪತ್ತು ಅಡಿ ಇಳಿಜಾರು ಹಲಗೆಯ ಮೇಲೆ ಇಳಿದದ್ದೇ ಆ ವರ್ಷದ ಪ್ರಯಾಣ. ಇಳಿದ ಕೂಡಲೇ ಮಾಲೀಕರು ಮೃದುವಾದ ಬಟ್ಟೆ ಹಿಡಿದು ಆ ಇಪ್ಪತ್ತು ಅಡಿಯಲ್ಲಿ ಅಂಟಿದ ಧೂಳನ್ನು ಒರೆಸಲು ಶುರುಮಾಡುತ್ತಾರೆ. ಎಣ್ಣೆ ತೊಟ್ಟಿಕ್ಕುವ ಜಾಗದಲ್ಲಿ ಒಂದು ತಟ್ಟೆ. ಆ ತಟ್ಟೆಗೂ ಪಾಲಿಷ್. ಒಳಗೆ ಮೆತ್ತನೆಯ ಚರ್ಮದ ಆಸನಗಳಿದ್ದರೂ ಮಾಲೀಕರು ಪಕ್ಕದಲ್ಲೇ ಒಂದು ಮಡಿಸುವ ಕುರ್ಚಿ ಬಿಡಿಸಿಕೊಂಡು ಬಿಸಿಲಿನಲ್ಲಿ ಕೂರುತ್ತಾರೆ, ಸಂಜೆಯವರೆಗೆ.

“ಅವರು ಯಾಕೆ ಒಳಗೆ ಕೂರುವುದಿಲ್ಲ?” ಎಂದಳು ಮಗಳು.

“ಆಸನ ಸವೆಯುತ್ತದೆ” ಎಂದೆ.

“ಹಾಗಾದರೆ ಅದು ಯಾರು ಕೂರುವುದಕ್ಕೆ?”

ಈ ಪ್ರಶ್ನೆಗೆ ಉತ್ತರ ಅಂತಾರಾಷ್ಟ್ರೀಯ ಮಟ್ಟದಲ್ಲಿ ಇದೆ. ಚಾರಿತ್ರಿಕ ವಾಹನಗಳಿಗೆಂದೇ ಫಿವಾ ಎಂಬ ಜಾಗತಿಕ ಒಕ್ಕೂಟವಿದೆ, 1966ರಿಂದ. ಯಾವುದನ್ನು ಚಾರಿತ್ರಿಕ ವಾಹನ ಎನ್ನಬೇಕೆಂದು ಅದು ಬರೆದಿಟ್ಟಿದೆ: ಕನಿಷ್ಠ 30 ವರ್ಷ ವಯಸ್ಸಾಗಿರಬೇಕು, ಚರಿತ್ರೆಗೆ ನಿಷ್ಠವಾದ ಸ್ಥಿತಿಯಲ್ಲಿ ಕಾಪಾಡಿರಬೇಕು, ದಿನನಿತ್ಯದ ಸಂಚಾರಕ್ಕೆ ಬಳಸುತ್ತಿರಬಾರದು. ಮೂರನೆಯ ಷರತ್ತನ್ನು ಇನ್ನೊಮ್ಮೆ ಓದಿ. ಮೂವತ್ತು ವರ್ಷ ದಿನವೂ ಕಚೇರಿಗೆ, ಶಾಲೆಗೆ, ಆಸ್ಪತ್ರೆಗೆ ತಪ್ಪದೆ ಓಡಿದ ಕಾರು ಮೂವತ್ತೊಂದನೆಯ ವರ್ಷವೂ ಅದೇ ಕೆಲಸ ಮಾಡಿದರೆ ಅದು ಬರೀ ಹಳೆಯ ಕಾರು. ಷೆಡ್ಡಿನಲ್ಲಿ ಮಲಗಿತೋ, ಪರಂಪರೆ. ದುಡಿಯುವವರೆಗೆ ಯಾರೂ ತಿರುಗಿ ನೋಡದ, ಕೈಕಾಲು ಬಿದ್ದ ಮೇಲೆ ಸನ್ಮಾನಕ್ಕೆ ಕರೆಯುವ ಪದ್ಧತಿ ಮನುಷ್ಯರಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ಅಪ್ಪನಿಗೆ ಇದು ಬಹಳ ಹಿಡಿಸಿತು. ಗೆಳೆಯರಿಗೆ ಹೇಳಲೆಂದು ಚೀಟಿಯಲ್ಲಿ ಬರೆದುಕೊಂಡರು.

ಮಾಡೆಲ್ ಟಿ ಎಂಬ ಒಂದು ಕಾರಿನ ಮುಂದೆ ನಾವು ಬಹಳ ಹೊತ್ತು ನಿಂತೆವು. ನಿಲ್ಲಲೇಬೇಕಾಯಿತು, ಏಕೆಂದರೆ ಅದರ ಮುಂದೆ ತೀರ್ಪುಗಾರರು ಮೊಣಕಾಲೂರಿದ್ದರು. ಒಬ್ಬರು ಟಾರ್ಚು ಹಿಡಿದು ಅಡಿಗೆ ಇಣುಕುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು, ಮಾಲೀಕರು ಹೆರಿಗೆ ಕೋಣೆಯ ಹೊರಗಿನ ಮುಖ ಮಾಡಿಕೊಂಡು ನಿಂತಿದ್ದರು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಈ ಕಾರನ್ನು ಒಂದೂವರೆ ಕೋಟಿಯಷ್ಟು ತಯಾರಿಸಿತು. ಅಗ್ಗವಾಗಿರಲಿ, ಯಾರು ಬೇಕಾದರೂ ಕೊಳ್ಳಲಿ, ಕೆಟ್ಟರೆ ರೈತನೇ ಸುತ್ತಿಗೆ ಹಿಡಿದು ಸರಿಮಾಡಿಕೊಳ್ಳಲಿ ಎಂಬುದೇ ಅದರ ಹುಟ್ಟಿನ ಉದ್ದೇಶ. 1914ರ ಹೊತ್ತಿಗೆ ಅದರ ಚಾಸಿಯನ್ನು ಕೂಡಿಸಲು ಕಾರ್ಖಾನೆಗೆ ಹಿಡಿಯುತ್ತಿದ್ದದ್ದು 93 ನಿಮಿಷ. ನಮ್ಮ ಮುಂದಿದ್ದ ಮಾಲೀಕರಿಗೆ ಅದೇ ಕೆಲಸಕ್ಕೆ ಹನ್ನೊಂದು ವರ್ಷ ಹಿಡಿದಿತ್ತು. ಫಲಕದಲ್ಲಿ ಹೆಮ್ಮೆಯಿಂದ ಬರೆಸಿದ್ದರು.

ಹನ್ನೊಂದು ವರ್ಷ ಏಕೆಂದರೆ, ಚೆನ್ನಾಗಿ ಮಾಡುವಂತಿಲ್ಲ. ಇದು ಹೊರಗಿನವರಿಗೆ ಬೇಗ ಅರ್ಥವಾಗುವ ಶಾಸ್ತ್ರವಲ್ಲ. ಕಾರ್ಖಾನೆಯ ಕೆಲಸಗಾರ ಅವಸರದಲ್ಲಿ ಬಣ್ಣ ಬಳಿದಿದ್ದರೆ, ಅದೇ ಅವಸರವನ್ನು ನಿಧಾನವಾಗಿ, ಜತನದಿಂದ ಮರಳಿ ಬಳಿಯಬೇಕು. ತಪಾಸಣೆಗಾರ ಸೀಮೆಸುಣ್ಣದಲ್ಲಿ ಗೀಚಿದ ಗುರುತನ್ನು, ಅವನು ಗೀಚಿದ ಜಾಗದಲ್ಲೇ ಗೀಚಬೇಕು. ಬಾಗಿಲ ಅಂಚಿನಲ್ಲಿ ಬಣ್ಣ ಹೊರಗೆ ಹಾರಿತ್ತೇ? ಅಷ್ಟೇ ಹಾರಿಸಬೇಕು. ಮೂಲಕ್ಕಿಂತ ನುಣುಪಾದರೆ ಕೆಲವು ಸ್ಪರ್ಧೆಗಳಲ್ಲಿ ಅಂಕ ಕಡಿಯುತ್ತಾರೆ. ಯಾವನೋ ಕೂಲಿಯವನು ಶನಿವಾರ ಸಂಜೆ ಮನೆಗೆ ಹೋಗುವ ಆತುರದಲ್ಲಿ ಮಾಡಿದ ತಪ್ಪನ್ನು ನೂರು ವರ್ಷದ ನಂತರ ತಜ್ಞರು ಭೂತಗನ್ನಡಿಯಲ್ಲಿ ನೋಡಿ ಭೇಷ್ ಎನ್ನುತ್ತಾರೆ. ಆ ಕೂಲಿಯವನಿಗೆ ಅಂದು ಬೈಗುಳ ಸಿಕ್ಕಿರಬೇಕು.

ಅದರ ಪಕ್ಕದಲ್ಲೇ ಇನ್ನೊಂದು ಮತದವರು ಡೇರೆ ಹಾಕಿದ್ದರು. ಇವರದು ತುಕ್ಕಿನ ಮತ. ಇವರ ಪ್ರಕಾರ ತುಕ್ಕು ತೆಗೆಯುವುದು ಮಹಾಪಾಪ. ಕಾರು ಹೇಗೆ ಸಿಕ್ಕಿತೋ ಹಾಗೆಯೇ ಇರಬೇಕು: ನಜ್ಜುಗುಜ್ಜಾದ ಬಾಗಿಲು, ಹರಿದ ಮೇಲ್ಛಾವಣಿ, ಆಸನದ ಒಳಗೆ ಇಲಿ ಕಟ್ಟಿದ ಗೂಡು. ತುಕ್ಕು ಇನ್ನಷ್ಟು ಹಬ್ಬದಂತೆ, ಆದರೆ ಇರುವಷ್ಟು ಹೋಗದಂತೆ, ಅದರ ಮೇಲೆ ಪಾರದರ್ಶಕ ವಾರ್ನಿಷ್ ಬಳಿದಿದ್ದರು. ಇವರನ್ನು ನೋಡಿ ನಗುವ ಹಾಗಿಲ್ಲ. 2015ರಲ್ಲಿ ಪ್ಯಾರಿಸ್ಸಿನ ಹರಾಜೊಂದರಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ದಶಕಗಟ್ಟಲೆ ಮಲಗಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ 1 ಕೋಟಿ 60 ಲಕ್ಷ ಯೂರೊಗೂ ಹೆಚ್ಚಿಗೆ ಹೋಯಿತು. ನಟ ಅಲೇನ್ ಡೆಲೋನ್ ಒಮ್ಮೆ ಇಟ್ಟುಕೊಂಡಿದ್ದ ಕಾರು ಎಂಬುದು ನಿಜ. ಆದರೂ ಧೂಳು ಒರೆಸದೆ ಮಾರಾಟಕ್ಕಿಡುವ ಧೈರ್ಯ ಬೇರೆ ಯಾವ ವ್ಯಾಪಾರದಲ್ಲಿದೆ?

“ನಮ್ಮ ಅಟ್ಟದ ಮೇಲಿರುವುದನ್ನು ಇನ್ನು ಮುಂದೆ ನಾನು ಒರೆಸುವುದಿಲ್ಲ” ಎಂದು ನನ್ನ ಹೆಂಡತಿ ಅಲ್ಲೇ ಘೋಷಿಸಿದಳು. “ಯಾರಾದರೂ ಒರೆಸಿದರೆ ಅಂಕ ಕಡಿಯುತ್ತೇನೆ.”

ನುಣುಪಿನ ಮತದ ಮಾಲೀಕರು ತುಕ್ಕಿನ ಮತದವರನ್ನು ಸೋಮಾರಿಗಳು ಎನ್ನುತ್ತಾರೆ. ಅವರು ಇವರನ್ನು ಚರಿತ್ರೆಯನ್ನು ಮರಳುಕಾಗದದಿಂದ ಉಜ್ಜಿದವರು ಎನ್ನುತ್ತಾರೆ. ಎರಡು ಕುರ್ಚಿಗಳ ನಡುವೆ ಆರಡಿ ಜಾಗ. ದಿನವಿಡೀ ಮಾತಿಲ್ಲ.

ಇಷ್ಟಾಗಿ ಹಳೆಯ ಕಾರಿನಲ್ಲಿ ಹಳೆಯದು ಎಷ್ಟಿರಬೇಕು? ಈ ತತ್ವಜಿಜ್ಞಾಸೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಕಾರು ಪಂದ್ಯ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರಿನ ಮಾರಾಟದ ಬಗ್ಗೆ 1990ರಲ್ಲಿ ಇಂಗ್ಲೆಂಡಿನಲ್ಲಿ ವ್ಯಾಜ್ಯ ನಡೆಯಿತು. 1929ರ ಭಾಗಗಳು ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಬಿಚ್ಚಿ, ಬದಲಿಸಿ, ಮತ್ತೆ ಕಟ್ಟಿ, ಎಲ್ಲ ಆಗಿತ್ತು. ಆದರೂ ಇದು ಅದೇ ಕಾರು ಎಂದು ನ್ಯಾಯಾಧೀಶರು ತೀರ್ಪಿತ್ತರು. ಬದಲಾವಣೆ ಒಂದೇ ಏಟಿಗೆ ಆದದ್ದಲ್ಲ, ಗುರುತಿನ ಎಳೆ ಎಲ್ಲೂ ಕಡಿದಿರಲಿಲ್ಲ. ಆತ್ಮದ ಬಗ್ಗೆ ಸಾವಿರಾರು ವರ್ಷ ತಲೆ ಕೆಡಿಸಿಕೊಂಡವರಿಗೆ ಸಿಗದ ಸ್ಪಷ್ಟತೆ ಒಂದು ಬೆಂಟ್ಲಿಗೆ ಸಿಕ್ಕಿತು, ನ್ಯಾಯಾಲಯದ ಮೊಹರಿನೊಂದಿಗೆ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಸಿಟ್ರೊಯೆನ್ 2ಸಿವಿ ನೋಡಿದಾಗ. 1948ರಲ್ಲಿ ಜನರ ಮುಂದೆ ಬಂದ ಈ ಬಡಪಾಯಿ ಕಾರನ್ನು ಫ್ರಾನ್ಸಿನ ರೈತರಿಗೆಂದೇ ಯೋಚಿಸಿದ್ದರು. ಐವತ್ತು ಕಿಲೊ ಆಲೂಗಡ್ಡೆ ಹೊರಬೇಕು, ಉತ್ತ ಹೊಲದಲ್ಲಿ ಹಾಯ್ದು ಹೋದರೂ ಬುಟ್ಟಿಯಲ್ಲಿರುವ ಮೊಟ್ಟೆ ಒಡೆಯಬಾರದು ಎಂಬುದು ಎಂಜಿನಿಯರುಗಳಿಗೆ ಕೊಟ್ಟ ಅಪ್ಪಣೆ. ಅವರು ಮಾಡಿ ತೋರಿಸಿದರು. ಅದು 1990ರವರೆಗೆ ತಯಾರಾಯಿತು. ಹೊಲ, ಕೆಸರು, ಕೋಳಿ, ಕರು, ಎಲ್ಲವನ್ನೂ ತಾಳಿಕೊಂಡ ಆ ಕಾರು ಈಗ ಕೆಂಪು ಹಾಸಿನ ಮೇಲೆ ನಿಂತಿತ್ತು. ಸುತ್ತ ಮಖಮಲ್ಲಿನ ಹಗ್ಗ. ಫಲಕದಲ್ಲಿ ‘ದಯವಿಟ್ಟು ಒರಗಬೇಡಿ’ ಎಂದಿತ್ತು. ಒಳಗೆ, ಹಿಂದಿನ ಆಸನದ ಮೇಲೆ, ಅಲಂಕಾರಕ್ಕೆಂದು ಒಂದು ಬುಟ್ಟಿ ಇಟ್ಟಿದ್ದರು. ಬುಟ್ಟಿಯಲ್ಲಿ ಮೊಟ್ಟೆಗಳು. ಅಪ್ಪ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಕಿಟಕಿಯಿಂದ ದಿಟ್ಟಿಸಿ ನೋಡಿದರು.

“ಪ್ಲಾಸ್ಟಿಕ್ಕಿನವು” ಎಂದರು.

ಮಗ ಇಷ್ಟು ಹೊತ್ತೂ ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡಿದ್ದ. ಅವನ ಅಮ್ಮನ ಕಟ್ಟಪ್ಪಣೆಯಾಗಿತ್ತು. ಆದರೆ ಮುಂದಿನ ಸಾಲಿನಲ್ಲಿ, ಹಿತ್ತಾಳೆ ದೀಪಗಳ ತೆರೆದ ಕಾರೊಂದರ ಬದಿಯಲ್ಲಿ, ಸರಿಯಾಗಿ ಅವನ ಕಣ್ಣಿನ ಎತ್ತರಕ್ಕೆ, ರಬ್ಬರು ಉಂಡೆಯ ಹಾರ್ನೊಂದು ಹೊರಗೆ ಚಾಚಿಕೊಂಡಿತ್ತು. ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು, ಒಂದು ಮಗುವಿನ ಅಂಗೈಗೆಂದೇ ಅಳತೆ ತೆಗೆದು ಮಾಡಿಸಿದಂಥದ್ದು. ಅದನ್ನು ಅಲ್ಲಿ ಇಟ್ಟವರ ಮೇಲೆ ಮೊದಲು ಕೇಸು ಹಾಕಬೇಕು.

ಪೋಂ!

ಇಡೀ ಮೈದಾನ ತಿರುಗಿತು. ಬೆಳಗಿನಿಂದ ಅಷ್ಟೊಂದು ಕಾರುಗಳ ನಡುವೆ ಕೇಳಿಬಂದ ಮೊದಲ ಕಾರಿನ ಸದ್ದು ಅದೇ ಇರಬೇಕು. ಮಾಲೀಕರು ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ತಾನಾಗಿ ಮಡಿಸಿಕೊಂಡಿತು. ಓಡಿ ಬಂದು ಹಾರ್ನನ್ನು ತಿರುಗಿಸಿ ತಿರುಗಿಸಿ ನೋಡಿದರು, ಉಂಡೆಯನ್ನು ಹಿಸುಕದೆ ಸವರಿದರು.

“ಮಗೂ, ಇದು 1912ರದ್ದು!”

“ಇನ್ನೂ ಕೂಗುತ್ತದೆ ಅಂಕಲ್” ಎಂದ ಮಗ, ಅವರಿಗೆ ಸಂತೋಷವಾಗಲೆಂದು.

“ಅಜ್ಜನ ಹಾಗೆ” ಎಂದು ಮಗಳು ಸೇರಿಸಿದಳು.

ಅಪ್ಪ ಮಾತ್ರ ಉಂಡೆಯನ್ನೇ ನೋಡುತ್ತಿದ್ದರು. “ನೂರು ವರ್ಷದ ರಬ್ಬರು ಇಷ್ಟು ಮೆತ್ತಗೆ ಇರುವುದಿಲ್ಲ ಸ್ವಾಮಿ. ಹೊಸದು ಹಾಕಿದ್ದೀರಿ.” ಮಾಲೀಕರು ಅತ್ತಿತ್ತ ನೋಡಿದರು. ತೀರ್ಪುಗಾರರು ಎರಡು ಕಾರಿನಾಚೆ ಇದ್ದರು. “ಮೆಲ್ಲಗೆ ಮಾತಾಡಿ ಯಜಮಾನರೇ” ಎಂದರು. ಮಗನ ವಿಚಾರಣೆ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನದ ಮೇಲೆ ವೇದಿಕೆಯ ಮುಂದೆ ಮೆರವಣಿಗೆ. ಧ್ವನಿವರ್ಧಕದಲ್ಲಿ ಒಬ್ಬರು ಒಂದೊಂದು ಕಾರಿನ ಅಶ್ವಶಕ್ತಿ, ಗರಿಷ್ಠ ವೇಗ, ಗೆದ್ದ ಪಂದ್ಯಗಳನ್ನು ಭಾವಪರವಶರಾಗಿ ಹೇಳುತ್ತಿದ್ದರು. ಕಾರುಗಳು ಆಮೆಗಿಂತ ತುಸು ಜೋರಾಗಿ ಸಾಗುತ್ತಿದ್ದವು. ಬ್ರಿಟನ್ನಿನಲ್ಲಿ 1865ರ ಕಾನೂನಿನ ಪ್ರಕಾರ ತಾನಾಗಿ ಓಡುವ ವಾಹನ ಊರೊಳಗೆ ಗಂಟೆಗೆ ಎರಡು ಮೈಲಿ ಮೀರಬಾರದಿತ್ತು, ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಆ ಕಾಲದ ಮೂರ್ಖತನ ಎಂದು ಎಲ್ಲರೂ ನಗುತ್ತಾರೆ. ವೇದಿಕೆಯ ಮುಂದೆ ಹೊಳೆಯುವ ಜಾಕೀಟು ತೊಟ್ಟ ಸ್ವಯಂಸೇವಕನೊಬ್ಬ ಸಣ್ಣ ಕೆಂಪು ಬಾವುಟ ಹಿಡಿದು ಪ್ರತಿ ಕಾರಿನ ಮುಂದೆಯೂ ನಡೆಯುತ್ತಿದ್ದ. ಯಾರೂ ನಗಲಿಲ್ಲ.

ಪ್ರಥಮ ಬಹುಮಾನ ಒಂದು ಉದ್ದ ಮೂತಿಯ, ಕಡುನೀಲಿ ಬಣ್ಣದ ಕಾರಿಗೆ ಬಂತು. ಚಪ್ಪಾಳೆ, ಹಾರ, ಫೋಟೊ. ಮಾಲೀಕರು ಒಳಗೆ ಕುಳಿತರು. ಕೀಲಿ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿತು, ಆಮೇಲೆ ಅದೂ ಇಲ್ಲ. ನಾಲ್ಕಾರು ಜನ ತಂತಿ ಹಿಡಿದು ಓಡಿಬಂದರು. ಆದರೆ ಆ ಕಾಲದ ಎಷ್ಟೋ ಕಾರುಗಳಂತೆ ಇದರದ್ದೂ 6 ವೋಲ್ಟಿನ ಬ್ಯಾಟರಿ. ಬಂದವರದ್ದೆಲ್ಲ 12 ವೋಲ್ಟು. ಹಾಗೆ ಜೋಡಿಸಿದರೆ ಬಲ್ಬುಗಳಿಂದ ಹಿಡಿದು ಏನೇನು ಸುಡುತ್ತದೋ ಹೇಳಲಾಗದು ಎಂದು ಅಪ್ಪ ತಡೆದರು. ಹಿಂದೆ ಬಹುಮಾನಿತ ವಾಹನಗಳು ಸಾಲುಗಟ್ಟಿ ನಿಂತಿದ್ದವು, ಅವುಗಳ ಎಂಜಿನ್ ಕಾಯತೊಡಗಿತ್ತು. ಒಂದರ ರೇಡಿಯೇಟರ್ ಆಗಲೇ ಹೊಗೆಯಾಡುತ್ತಿತ್ತು.

ಮಾಲೀಕರು ಕೆಳಗಿಳಿದು ಜನರತ್ತ ನೋಡಿದರು. ಬೆಳಗ್ಗೆ ನನ್ನ ಮಗಳು ಅದೇ ಕಾರಿನ ಗಾಜಿನ ಹತ್ತಿರ ಮುಖ ತಂದಾಗ, ಉಸಿರಿನ ಹಬೆ ಕೂರುತ್ತದೆ ಎಂದು ಗದರಿದ ಮನುಷ್ಯ.

“ಸ್ವಲ್ಪ ಎಲ್ಲರೂ ಕೈ ಹಾಕುತ್ತೀರಾ? ತಳ್ಳಬೇಕು.”

ಒಬ್ಬರೂ ಕದಲಲಿಲ್ಲ. ದಿನವಿಡೀ ಫಲಕ ಓದಿ ಓದಿ ಜನ ಪಳಗಿದ್ದರು. ಕೊನೆಗೆ ಮಗನೇ ಜೇಬಿನಿಂದ ಕೈ ತೆಗೆದು, ಮೊದಲು ಅಮ್ಮನ ಮುಖ, ಆಮೇಲೆ ಅವರ ಮುಖ ನೋಡಿ ಕೇಳಿದ:

“ಎರಡೂ ಕೈಯಲ್ಲಾ, ಅಂಕಲ್?”

“ಎರಡೂ ಕೈ ಹಾಕಪ್ಪಾ” ಎಂದರು ಅವರು. ತಕ್ಷಣ ಏನೋ ನೆನಪಾಗಿ, ಡಿಕ್ಕಿ ತೆರೆದು ಬಿಳಿ ಹತ್ತಿಯ ಕೈಗವಸುಗಳ ಕಟ್ಟೊಂದನ್ನು ಹೊರತೆಗೆದು, ಸರದಿಯಲ್ಲಿ ನಿಂತು ತೆಗೆದುಕೊಳ್ಳಿ ಎಂದರು.