ಸೆಟ್ಟೋ ಸೆಟ್ಟು

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು ಅಂತ ಕ್ವಿಜ್‌ಗಳಲ್ಲಿ ಕೇಳುತ್ತಿದ್ದರು. ಉತ್ತರ: ಸೆಟ್. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಕ್ರಿಯಾಪದ ಒಂದಕ್ಕೇ 430 ಅರ್ಥ ಕೊಟ್ಟಿದ್ದರು. ಆಮೇಲೆ ಆ ಕಿರೀಟ 'ರನ್' ಪಾಲಾಯಿತು. ಅದಕ್ಕೆ 645 ಅರ್ಥ. ವಿಂಗಡಿಸಲು ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಒಂಬತ್ತು ತಿಂಗಳು ಹಿಡಿಯಿತಂತೆ. ಇರಲಿ ಬಿಡಿ. ರನ್ನು ನಮ್ಮಲ್ಲಿ ಕ್ರಿಕೆಟ್ ಮೈದಾನ ಬಿಟ್ಟು ಜಾಸ್ತಿ ಓಡಾಡಿಲ್ಲ. ಸೆಟ್ ಮಾತ್ರ ಹೋಟೆಲಿಗೂ ಬಂತು, ಹೊಲಕ್ಕೂ ಬಂತು.

ಎರಡೋ ಮೂರೋ ಮೆತ್ತನೆ ದೋಸೆ ಒಂದರ ಮೇಲೊಂದು ಬಂದರೆ ಸೆಟ್ ದೋಸೆ. ಪಂಪೂ ಮೋಟಾರೂ ಸೇರಿದರೆ ಪಂಪ್‌ಸೆಟ್. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು ಅಂದರೆ ಇಂಗ್ಲಿಷಿನ ಗಂಧವೇ ಇಲ್ಲದ ರೈತರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸರ ಮತ್ತು ಓಲೆಯದು ಒಂದು ಸೆಟ್, ಟಿಫನ್ ಡಬ್ಬಿಯದು ಇನ್ನೊಂದು. ಶಾಲೆಯ ಗಣಿತ ಪುಸ್ತಕ ಮಾತ್ರ ಹಟ ಹಿಡಿದು 'ಗಣ' ಅಂದಿತು. ಒಳ್ಳೆಯ ಪದವೇ, ಆದರೆ ಗಣದೋಸೆ ಯಾರೂ ತಿನ್ನಲಿಲ್ಲ.

ಮಜಾ ಇರುವುದು ಬುಡದಲ್ಲಿ. ಇಂಗ್ಲಿಷಿನ ಸೆಟ್ ಒಂದೇ ಪದವಲ್ಲ, ಎರಡು ಬೇರೆ ಬೇರೆ ಸೆಟ್‌ಗಳು. ದೋಸೆಯ ಸೆಟ್ಟು, ಅಂದರೆ ಗುಂಪು ಅನ್ನುವ ಅರ್ಥದ್ದು, ಹಳೆಯ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ 'ಸೆಕ್ಟಾ': ಹಿಂಬಾಲಕರ ಪಂಗಡ. ಅದರ ಧಾತುವೂ ಸಂಸ್ಕೃತದ 'ಸಚ್' ಧಾತುವೂ ದಾಯಾದಿಗಳು; ಜೊತೆಗಿರುವವನು ಎಂಬ ಅರ್ಥದಲ್ಲಿ 'ಸಚಿವ' ಹುಟ್ಟಿದ್ದು ಅಲ್ಲಿಂದಲೇ. ಸಿಮೆಂಟು ಸೆಟ್ ಆಗುತ್ತದಲ್ಲ, ಆ ಸೆಟ್ಟು 'ಸಿಟ್' ಕಡೆಯದು. ಅದಕ್ಕೆ ನಮ್ಮ 'ಸದ್' ಧಾತುವಿನ ನೆಂಟಸ್ತಿಕೆ: ಸದನ, ಸದಸ್ಯ, ಪರಿಷತ್ತು, ಉಪನಿಷತ್ತು. ಹಾಗಾಗಿ ಸಚಿವರ ಬಳಗ ದೋಸೆಯ ತಟ್ಟೆಯಲ್ಲಿದೆ, ಪರಿಷತ್ತಿನ ಬಳಗ ಸಿಮೆಂಟಿನಲ್ಲಿ. ರಾಜಕೀಯ ಟೀಕೆ ಅಲ್ಲ, ವ್ಯುತ್ಪತ್ತಿ.

ಸಿಟ್ ಅಂದರೆ ಕೂರು, ಸೆಟ್ ಅಂದರೆ ಮೂಲದಲ್ಲಿ ಕೂರಿಸು. ಫಾಲ್ ಅಂದರೆ ಬೀಳು, ಮರ ಬೀಳಿಸಿದರೆ ಫೆಲ್. ಇಂಗ್ಲಿಷಿನಲ್ಲಿ ಈ ಕಸುಬು ಎಂದೋ ನಿಂತುಹೋಗಿ ನಾಲ್ಕಾರು ಜೋಡಿ ಉಳಿದಿವೆ. ನಮ್ಮಲ್ಲಿ ಇವತ್ತಿಗೂ ಓಡು ಓಡಿಸು, ನಗು ನಗಿಸು ಅಂತ ಎಗ್ಗಿಲ್ಲದೆ ನಡೆದಿದೆ. ನಮ್ಮ 'ಕೂರಿಸು' ಏನು ಕಮ್ಮಿಯೇ? ಗಣಪತಿ ಕೂರಿಸುತ್ತೇವೆ, ದಸರಾ ಗೊಂಬೆ ಕೂರಿಸುತ್ತೇವೆ. ಉಂಗುರಕ್ಕೆ ಹರಳು ಕೂರಿಸುತ್ತಾರೆ, ಇಂಗ್ಲಿಷಿನ ಅಕ್ಕಸಾಲಿಗ ಸೆಟ್ ಮಾಡುವುದೂ ಅದನ್ನೇ. ಯಾರೂ ಯಾರಿಂದಲೂ ಅನುವಾದ ಮಾಡಿಕೊಂಡದ್ದಲ್ಲ.

ಹಾಗಾಗಿ ನಾಮಪದದ ಸೆಟ್ಟಿನ ಮೇಲೆ ನನ್ನ ತಕರಾರಿಲ್ಲ. ತನ್ನ ಸಾಮಾನು ತಾನೇ ಹೊತ್ತುಕೊಂಡು ಬಂದಿದೆ, ಇರಲಿ. ತಕರಾರು ಇರುವುದು 'ಸೆಟ್ ಆಗು' ಮೇಲೆ. ಹುಡುಗ ಹುಡುಗಿ ಸೆಟ್ ಆದರು. ಹೊಸ ಕೆಲಸ ಸೆಟ್ ಆಗಲಿಲ್ಲ. ಈ ಬಣ್ಣ ನಿಂಗೆ ಸೆಟ್ ಆಗಲ್ಲ ಕಣೇ. ಆ ಊರಿನ ನೀರು ಸೆಟ್ ಆಗಲಿಲ್ಲ. ಸಂಬಂಧ ಕೂಡಿಬರುತ್ತಿತ್ತು, ಕೆಲಸ ಕೈಹಿಡಿಯುತ್ತಿತ್ತು, ಬಣ್ಣ ಒಪ್ಪುತ್ತಿತ್ತು, ನೀರು ಒಗ್ಗುತ್ತಿತ್ತು. ಒಂದೊಂದರಲ್ಲೂ ಒಂದೊಂದು ಸೂಕ್ಷ್ಮ. 'ನೀರು ಒಗ್ಗಲಿಲ್ಲ' ಅಂದರೆ ಮೈ ಕೆಟ್ಟ ಕಥೆಯೂ ಅದರೊಳಗೇ ಬಂತು. ಎಲ್ಲದರ ಜಾಗಕ್ಕೂ ಒಂದೇ ಆಳು ಬಂದು ನಿಂತ. ಇಂಗ್ಲಿಷಿನವರೂ ಈ ಅರ್ಥಗಳಲ್ಲಿ ಸೆಟ್ ಬಳಸುವುದಿಲ್ಲ, ಆದ್ದರಿಂದ ಇದು ಇಂಗ್ಲಿಷಿನ ಹಾವಳಿ ಅಂತ ಬೈಯುವಂತೆಯೂ ಇಲ್ಲ. ಇದು ನಾವೇ ಬೆಳೆಸಿದ ಸೋಮಾರಿತನ. (ಲೈಫ್ 'ಸೆಟ್ಲ್' ಆಗುವುದು ಇನ್ನೊಂದು ಕಥೆ. ಅದಕ್ಕೆ ಮಗ ಅಮೆರಿಕದಲ್ಲೇ ಇರಬೇಕು.)

ಸಿಮೆಂಟಿಗೆ ವಿನಾಯಿತಿ ಕೊಡೋಣ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟು 30 ನಿಮಿಷಕ್ಕೆ ಮುಂಚೆ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಆಗಬೇಕು. ಇಷ್ಟು ಕರಾರುವಾಕ್ಕಾದ ಕಡೆ ಗಾರೆಯವರ ಮಾತೇ ಸರಿ. ಆದರೆ ಮೊಸರು? ಪ್ಯಾಕೆಟ್ಟಿನ ಮೇಲೆ 'ಸೆಟ್ ಕರ್ಡ್' ಅಂತ ಅಚ್ಚು ಹಾಕಿ ಹೊಸ ಜಾತಿಯ ಮೊಸರು ಅನ್ನುವ ಹಾಗೆ ಮಾರುತ್ತಾರೆ. ಹೆಪ್ಪುಗಟ್ಟದೆ ಮೊಸರು ಇನ್ನು ಹೇಗಾಗುತ್ತೆ ಸ್ವಾಮಿ?